ಕಾರ್ಲ್ ರೋಜರ್ಸ್‌ರ ವ್ಯಕ್ತಿತ್ವ ಸಿದ್ಧಾಂತ

ಕಾರ್ಲ್ ರೋಜರ್ಸ್‌ರ ವ್ಯಕ್ತಿತ್ವ ಸಿದ್ಧಾಂತವು ಮಾನವತಾವಾದಿ ಮನೋವಿಜ್ಞಾನದ ಪ್ರಮುಖ ಸಿದ್ಧಾಂತಗಳಲ್ಲಿ ಒಂದು. ವ್ಯಕ್ತಿಯು ತನ್ನನ್ನೂ ತನ್ನ ಲೋಕವನ್ನೂ ಹೇಗೆ ಅನುಭವಿಸುತ್ತಾನೆ ಎಂಬುದರ ಮೂಲಕವೇ ಆತನ ವ್ಯಕ್ತಿತ್ವವನ್ನು ಅರಿಯಬೇಕೆಂಬುದು ಇದರ ತಿರುಳು.

ಹಿನ್ನೆಲೆ

ರೋಜರ್ಸ್ (೧೯೦೨–೧೯೮೭) ಅಮೆರಿಕದ ಇಲಿನಾಯ್ ರಾಜ್ಯದ ಓಕ್ ಪಾರ್ಕ್‌ನಲ್ಲಿ ಜನಿಸಿದರು. ರಾಚೆಸ್ಟರ್ ನಗರದಲ್ಲಿ ಹನ್ನೆರಡು ವರ್ಷ ಮಕ್ಕಳ ಮಾನಸಿಕ ಸಮಸ್ಯೆಗಳನ್ನು ಕುರಿತು ಕೆಲಸ ಮಾಡಿದರು. ಅಂದು ಪ್ರಬಲವಾಗಿದ್ದ ಮನೋವಿಶ್ಲೇಷಣೆಯು ಸುಪ್ತ ಪ್ರೇರಣೆಗಳಿಗೂ, ವರ್ತನಾವಾದವು ಹೊರಗಿನ ಪ್ರಚೋದನೆಗಳಿಗೂ ಒತ್ತು ನೀಡಿದ್ದವು. ಮನುಷ್ಯನ ಆಯ್ಕೆ ಹಾಗೂ ಬೆಳವಣಿಗೆಯನ್ನು ಕೇಂದ್ರದಲ್ಲಿರಿಸಿದ ರೋಜರ್ಸ್, ಅಬ್ರಹಾಂ ಮ್ಯಾಸ್ಲೋ ಮೊದಲಾದವರ ಚಿಂತನೆಯು ‘ಮೂರನೆಯ ಶಕ್ತಿ’ ಎನಿಸಿಕೊಂಡಿತು.

ಮುಖ್ಯ ಪರಿಕಲ್ಪನೆಗಳು

ಪ್ರತಿ ಜೀವಿಯಲ್ಲಿಯೂ ತನ್ನ ಸಾಮರ್ಥ್ಯವನ್ನು ಪೂರ್ಣವಾಗಿ ಅರಳಿಸಿಕೊಳ್ಳುವ ಪ್ರವೃತ್ತಿ ಇದೆಯೆಂದು ರೋಜರ್ಸ್ ನಂಬಿದ್ದರು. ನೆಲಮಾಳಿಗೆಯಲ್ಲಿ ಕೂಡಿಟ್ಟ ಆಲೂಗೆಡ್ಡೆಗಳು ಸಣ್ಣ ಕಿಟಕಿಯ ಬೆಳಕಿನತ್ತ ಬಿಳಿಚಿದ ಮೊಳಕೆ ಚಾಚುವುದನ್ನು ಬಾಲ್ಯದಲ್ಲಿ ಕಂಡಿದ್ದ ಅವರು ಅದನ್ನೇ ಉದಾಹರಣೆಯಾಗಿ ಕೊಡುತ್ತಿದ್ದರು.

ತನ್ನ ಕುರಿತು ವ್ಯಕ್ತಿಯು ಹೊಂದಿರುವ ಚಿತ್ರವೇ ‘ಸ್ವ-ಪರಿಕಲ್ಪನೆ’. ಹಿರಿಯರ ಪ್ರೀತಿಯು ಷರತ್ತಿಗೆ ಒಳಪಟ್ಟಾಗ ಮಗು ಆ ಷರತ್ತುಗಳನ್ನೇ ತನ್ನ ಮೌಲ್ಯದ ಅಳತೆಗೋಲಾಗಿ ಸ್ವೀಕರಿಸುತ್ತದೆ. ಒಳ್ಳೆಯ ಮಕ್ಕಳು ಕೋಪಿಸಿಕೊಳ್ಳುವುದಿಲ್ಲವೆಂದು ಕೇಳುತ್ತ ಬೆಳೆದವನು ತನ್ನ ಕೋಪವನ್ನು ತಾನೇ ಗುರುತಿಸಲಾರ. ಅನುಭವಕ್ಕೂ ಸ್ವ-ಪರಿಕಲ್ಪನೆಗೂ ನಡುವೆ ಹೀಗೆ ಉಂಟಾಗುವ ಬಿರುಕನ್ನು ರೋಜರ್ಸ್ ‘ವಿಸಂಗತಿ’ ಎಂದು ಕರೆದರು. ಆತಂಕದ ಮೂಲವನ್ನು ಅಲ್ಲಿಯೇ ಕಂಡರು. ಈ ಬಿರುಕು ಕೂಡಿಕೊಳ್ಳಲು ಸಲಹೆಗಾರನಲ್ಲಿ ಪ್ರಾಮಾಣಿಕತೆ, ಷರತ್ತಿಲ್ಲದ ಆದರ ಹಾಗೂ ಪರಾನುಭೂತಿ ಇರಬೇಕೆಂದು ೧೯೫೭ರ ಲೇಖನದಲ್ಲಿ ವಾದಿಸಿದರು.

ಪ್ರಾಯೋಗಿಕ ಅಧ್ಯಯನ

ಆಪ್ತಸಲಹೆಯ ಸಂಭಾಷಣೆಗಳನ್ನು ಧ್ವನಿಮುದ್ರಿಸಿ ಅಧ್ಯಯನ ಮಾಡಿದ ಮೊದಲಿಗರಲ್ಲಿ ರೋಜರ್ಸ್ ಒಬ್ಬರು. ಷಿಕಾಗೋ ವಿಶ್ವವಿದ್ಯಾನಿಲಯದ ಅವರ ತಂಡವು ೧೯೫೪ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಲಹಾರ್ಥಿಗಳು ೧೦೦ ಹೇಳಿಕೆಗಳ ಚೀಟಿಗಳನ್ನು ‘ನಾನು ಇರುವಂತೆ’ ಒಮ್ಮೆ, ‘ನಾನು ಇರಬಯಸುವಂತೆ’ ಮತ್ತೊಮ್ಮೆ ವಿಂಗಡಿಸಿದರು. ಸಲಹೆಗೆ ಮುನ್ನ ಸರಾಸರಿ ಶೂನ್ಯದಷ್ಟಿದ್ದ ಇವೆರಡರ ಸಹಸಂಬಂಧವು ಬಳಿಕ ೦.೩೪ಕ್ಕೆ ಏರಿತು.

ಶಿಕ್ಷಣದಲ್ಲಿ

೧೯೬೯ರ ‘ಫ್ರೀಡಮ್ ಟು ಲರ್ನ್’ ಕೃತಿಯಲ್ಲಿ ರೋಜರ್ಸ್ ಇದೇ ತತ್ತ್ವವನ್ನು ತರಗತಿಗೆ ಅನ್ವಯಿಸಿದರು. ಶಿಕ್ಷಕನು ಕಲಿಕೆಗೆ ಅನುವು ಮಾಡಿಕೊಡುವವನೆಂಬುದು ಅದರ ನಿಲುವು.

ಟೀಕೆ

ವ್ಯಕ್ತಿಯ ಸ್ವಂತ ಹೇಳಿಕೆಗಳನ್ನು ಅತಿಯಾಗಿ ನೆಚ್ಚಿದೆ, ಮಾನವ ಸ್ವಭಾವದ ಕೇಡನ್ನು ಲಘುವಾಗಿ ಪರಿಗಣಿಸಿದೆ, ಸಮುದಾಯಕ್ಕಿಂತ ವ್ಯಕ್ತಿಗೆ ಹೆಚ್ಚು ಬೆಲೆ ಕೊಟ್ಟಿದೆ ಎಂಬ ಆಕ್ಷೇಪಗಳಿವೆ. ಆದರೂ ಸಲಹೆಗಾರನ ಸಂಬಂಧದ ಗುಣವೇ ಚಿಕಿತ್ಸೆಯ ಫಲವನ್ನು ಪ್ರಭಾವಿಸುತ್ತದೆಂಬ ಅವರ ವಿಚಾರವನ್ನು ಇಂದು ಭಿನ್ನ ಪಂಥಗಳವರೂ ಮಾನ್ಯ ಮಾಡುತ್ತಾರೆ.