ತೂಗುವ ಜಲರಾಶಿ

ಬಾದಾಮಿಯ ಅಗಸ್ತ್ಯತೀರ್ಥದ ಮೆಟ್ಟಿಲುಗಳ ಮೇಲೆ ಕುಳಿತವರಿಗೆ ಗಾಳಿ ಎಬ್ಬಿಸುವ ತೆರೆಗಳು ಕಾಣುತ್ತವೆ. ತೆರೆಗಳ ಕೆಳಗೆ ಇಡೀ ಜಲರಾಶಿಯೇ ತೂಗಾಡಬಲ್ಲದೆಂಬುದು ಕಾಣುವುದಿಲ್ಲ. ನೀರು ತುಂಬಿದ ಪರಾತವನ್ನು ಎತ್ತಿ ಒಯ್ಯುವ ಗೃಹಿಣಿ ಮಾತ್ರ ಇದನ್ನು ಬಲ್ಲಳು. ಒಂದಂಚಿನಲ್ಲಿ ಏರಿದ ನೀರು ಮರುಗಳಿಗೆಯಲ್ಲಿ ಇನ್ನೊಂದಂಚಿನಲ್ಲಿ ಏರುತ್ತದೆ. ನಡುವಣ ಮಟ್ಟ ಅಷ್ಟಾಗಿ ಕದಲುವುದಿಲ್ಲ.

ದೊಡ್ಡ ಸರೋವರಗಳಲ್ಲಿ ನಡೆಯುವುದೂ ಇದೇ. ಬಿರುಗಾಳಿ ಒಂದೇ ದಿಕ್ಕಿನಿಂದ ಗಂಟೆಗಟ್ಟಲೆ ಬೀಸಿದಾಗ ನೀರು ಎದುರು ದಡದತ್ತ ಒತ್ತರಿಸಿ ನಿಲ್ಲುತ್ತದೆ. ಎರಡು ತುದಿಗಳಲ್ಲಿ ವಾಯುಭಾರ ಏರುಪೇರಾದರೂ ಮಟ್ಟ ವಾಲುತ್ತದೆ. ಗಾಳಿ ತಗ್ಗಿದೊಡನೆ ಹಿಂದಿರುಗಿದ ನೀರು ಸಮಮಟ್ಟದಲ್ಲಿ ನಿಲ್ಲದೆ, ಬಂದ ವೇಗದಲ್ಲಿಯೇ ಈಚೆಯ ದಡವನ್ನು ಏರುತ್ತದೆ. ಹೀಗೆ ತೊಟ್ಟಿಲು ತೂಗಿದಂತೆ ತೂಗಿ, ಕ್ರಮೇಣ ಶಾಂತವಾಗುತ್ತದೆ.

ಜಿನೀವಾ ಸರೋವರದ ಜನ ಇದಕ್ಕೆ ‘ಸೇಶ್’ ಎಂದರು. 1730ರಲ್ಲಿ ಫಾತಿಯೊ ದ ದ್ವಿಲಿಯೆ ಇದನ್ನು ಬರೆದಿಟ್ಟನು. ಇಂಥ ತೂಗಾಟದ ಕಾಲವನ್ನು ಎಣಿಸುವ ಸೂತ್ರವನ್ನು 1828ರಲ್ಲಿ ಮೆರಿಯನ್ ಕೊಟ್ಟನು. 1869ರಿಂದ ಫೊರೆಲ್ ಎಂಬ ವಿದ್ವಾಂಸನು ಮೋರ್ಜ್ ಪಟ್ಟಣದ ದಡದಲ್ಲಿ ಅಳೆಯತೊಡಗಿ, ಇಡೀ ಸರೋವರವೇ ತೂಗುವುದೆಂದು ತೋರಿಸಿದನು. ಅಲ್ಲಿ ಒಂದು ಪೂರ್ಣ ತೂಗಿಗೆ ಸುಮಾರು 73 ನಿಮಿಷ. ಉದ್ದ ಹೆಚ್ಚಿದಷ್ಟೂ ತೂಗು ನಿಧಾನ, ಆಳ ಹೆಚ್ಚಿದಷ್ಟೂ ಶೀಘ್ರ. 1 ಕಿಲೋಮೀಟರ್ ಉದ್ದದ, 5 ಮೀಟರ್ ಆಳದ ಕೆರೆಯಾದರೆ ಸುಮಾರು 5 ನಿಮಿಷ ಸಾಕು. ಇದು ವಿನೋದವೆಂದು ತಿಳಿಯಬಾರದು. 1844ರ ಅಕ್ಟೋಬರಿನಲ್ಲಿ ಅಮೆರಿಕದ ಈರಿ ಸರೋವರ ಗಾಳಿಗೆ ಉಬ್ಬಿ, ಬಫಲೋ ನಗರದೊಳಗೆ ನುಗ್ಗಿ ಜೀವಗಳನ್ನು ಬಲಿತೆಗೆದುಕೊಂಡಿತು.

ನಮ್ಮ ನಾಡಿನಲ್ಲಿ ಅಂಥ ಸರೋವರಗಳು ಹಿಂದೆ ಇರಲಿಲ್ಲ. ಈಗ ನಾವೇ ಕಟ್ಟಿಕೊಂಡಿದ್ದೇವೆ. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಪೂರ್ಣಗೊಂಡಿತು. ಅದರ ಹಿನ್ನೀರು ಹುನಗುಂದ ಸೀಮೆಯ ಕೂಡಲಸಂಗಮವನ್ನು ಮುಟ್ಟಿತು. ಬಸವಣ್ಣನವರ ಐಕ್ಯಸ್ಥಳ ಮುಳುಗದಂತೆ ಸುತ್ತ ಬಾವಿಯಾಕಾರದ ಗೋಡೆ ಎದ್ದಿತು. ಇಂದು ಭಕ್ತರು ನೀರಿನ ನಡುವೆ ಮೆಟ್ಟಿಲಿಳಿದು ದರ್ಶನ ಪಡೆಯುತ್ತಾರೆ. ಅಂಥ ಗೋಡೆಯ ಎತ್ತರ ನಿಶ್ಚಲ ನೀರಿನ ಲೆಕ್ಕವಷ್ಟೇ ಆಗಲಾರದು. ಗಾಳಿಯ ಲೆಕ್ಕವೂ ಅದಕ್ಕೆ ಸೇರಬೇಕು. ಅಣೆಕಟ್ಟಿನ ನೆತ್ತಿಯನ್ನು ಪೂರ್ಣಮಟ್ಟಕ್ಕಿಂತ ಮೇಲೆತ್ತುವುದಕ್ಕೂ ಇದೊಂದು ಕಾರಣ.

ಆಲಮಟ್ಟಿಯ ಪೂರ್ಣಮಟ್ಟ 519.60 ಮೀಟರ್. ಆ ಒಂದು ಗೆರೆಗಾಗಿ ಹಳೆಯ ಬಾಗಲಕೋಟೆಯ ಎಷ್ಟೋ ಮನೆಗಳ ದೀಪ ನಂದಿ, ನವನಗರದಲ್ಲಿ ಹೊತ್ತಿದವು. 2010ರ ನ್ಯಾಯಾಧಿಕರಣದ ತೀರ್ಪು 524.256 ಮೀಟರಿಗೆ ಒಪ್ಪಿಗೆ ನೀಡಿತು. ಕಾಗದದ ಮೇಲೆ ಆ ಗೆರೆ ಅಚಲ. ಮುಂಗಾರಿನ ಪಡುವಣ ಗಾಳಿ ಬೀಸುವಾಗ ನೀರಿನ ಮೇಲೆ ಅಲ್ಲ. ದಡದಂಚಿನಲ್ಲಿ ಹೊಲವುಳ್ಳ ಒಕ್ಕಲಿಗನಿಗೆ ಒಂದು ಗೇಣು ನೀರೂ ಬದುಕಿನ ಪ್ರಶ್ನೆ. ಗೆರೆ ಎಳೆಯುವವರು ಇದನ್ನು ಮರೆಯಬಾರದು.