ಬಿಟಿಎಂ ಅಂದ್ರೆ ಏನು, ಹೇಳಿ ನೋಡೋಣ

ಬಿಟಿಎಂ ಲೇಔಟ್ ಅಂತ ದಿನಕ್ಕೆ ಹತ್ತು ಸಲ ಹೇಳ್ತೀವಿ. ಪೂರ್ತಿ ಹೆಸರು ಗೊತ್ತಾ? ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಊರು ಸೇರಿ ಮೂರು ಇಂಗ್ಲಿಷ್ ಅಕ್ಷರ ಆಯ್ತು. ನಡುವಿನ ಹೆಸರಲ್ಲೇ ಇದ್ದ ಕೆರೆ ನಮ್ಮ ಬಾಯಿಂದ ಮಾಯವಾಯ್ತು.

ಈ ಬಡಾವಣೆಗಳ ಎಸ್ಸೆಸ್ಸೆಲ್ಸಿ ಮಕ್ಕಳು ವರ್ಷವಿಡೀ ಭೂಗೋಳ ಓದ್ತಾರೆ. ಪ್ರಾಕೃತಿಕ ವಿಭಾಗ, ವಾಯುಗುಣ, ಮಣ್ಣು, ಅರಣ್ಯ, ಜಲ ಸಂಪನ್ಮೂಲ, ಭೂ ಬಳಕೆ, ನೈಸರ್ಗಿಕ ವಿಕೋಪ. ಭಾರತದ ನಕ್ಷೆ ಬರೆದು 82½ ಡಿಗ್ರಿ ಪೂರ್ವ ರೇಖಾಂಶ ಗುರುತಿಸ್ತಾರೆ. ಹಿಮಾಲಯ, ಗಂಗಾ ಬಯಲು ಎಲ್ಲಾ ಬಾಯಿಪಾಠ. ಪುಸ್ತಕದಲ್ಲಿ ತಪ್ಪಿಲ್ಲ ಸ್ವಾಮಿ. ಆದರೆ ಅದರ ಬಹುತೇಕ ಪಾಠಗಳಿಗೆ ಉದಾಹರಣೆ ಶಾಲೆಯ ಕಾಂಪೌಂಡಿನ ಆಚೆಗೇ ಇದೆ. ಅದನ್ನ ಯಾರೂ ತೋರಿಸಲ್ಲ ಅನ್ನೋದೇ ನನ್ನ ತಕರಾರು.

ಪರ್ಯಾಯ ಪ್ರಸ್ಥಭೂಮಿ ದೇಶದ ಅತಿ ಹಳೆಯ ಭೂಭಾಗ ಅಂತ ಪಾಠ. ಜಯನಗರದ ಪಕ್ಕದಲ್ಲೇ ಲಾಲ್‌ಬಾಗ್ ಬಂಡೆ ಇದೆ. ವಯಸ್ಸು ಸುಮಾರು 300 ಕೋಟಿ ವರ್ಷ. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ. ಎದುರಿಗೆ ಹಿಮಾಲಯವೇ ಎಳೆಗೂಸು! ನಾವು ಅಲ್ಲಿ ವಾಕಿಂಗ್ ಮಾಡ್ತೀವಿ, ಸೆಲ್ಫಿ ತಗೋತೀವಿ, ಇಳಿದು ಬರ್ತೀವಿ.

ಜಲಾನಯನ ಪ್ರದೇಶ ಅಂತ ಇನ್ನೊಂದು ಪಾಠ. ನೀರನ್ನ ಎರಡು ದಿಕ್ಕಿಗೆ ಹಂಚೋ ದಿಬ್ಬ ದಕ್ಷಿಣ ಬೆಂಗಳೂರಿನಲ್ಲೇ ಇದೆ. ಮಡಿವಾಳದ ಕಡೆ ಬಿದ್ದ ಮಳೆ ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿ ಸೇರುತ್ತೆ. ಬಸವನಗುಡಿ, ಬನಶಂಕರಿಯ ಪಶ್ಚಿಮದ ಇಳಿಜಾರಿನ ನೀರು ವೃಷಭಾವತಿ, ಅರ್ಕಾವತಿ ಹಿಡಿದು ಸಂಗಮದಲ್ಲಿ ಕಾವೇರಿಗೆ ಬೀಳುತ್ತೆ. ನಮ್ಮ ಹಿರಿಯರು ಇದನ್ನ ಓದಿ ಕಲಿತವರಲ್ಲ. ನೆಲದ ಇಳಿಜಾರು ನೋಡಿ ಕೆರೆ ಕಟ್ಟಿದರು, ಒಂದು ತುಂಬಿದರೆ ಇನ್ನೊಂದಕ್ಕೆ ಹರಿಯಲಿ ಅಂತ ಕಾಲುವೆ ತೋಡಿದರು. ಗವೀಪುರದ ಕೆಂಪಾಂಬುಧಿ ಕೆರೆ ಆ ಕಾಲದ್ದೇ.

ಆಮೇಲೆ ಏನಾಯ್ತು? 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಹೊಲ ತೋಟ ಹೋಗಿ ಬ್ಲಾಕು, ಕ್ರಾಸು, ಮೇನ್ ಬಂತು. ಊರು ದಕ್ಷಿಣಕ್ಕೆ ಬೆಳೀತಾ ಹೋಯ್ತು. ಪುಸ್ತಕದಲ್ಲಿ ಇದಕ್ಕೆ ಭೂ ಬಳಕೆ ಅಂತ ಹೆಸರು. 1974ರಲ್ಲಿ ಕಾವೇರಿ ಮೊದಲ ಹಂತದ ನೀರು ಬಂತು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರೋ ನೀರದು. ನಲ್ಲಿ ತಿರುಗಿಸಿದರೆ ಕಾವೇರಿ ಬರುವಾಗ ಕೆರೆ ಯಾಕೆ ಬೇಕು ಅಂದುಕೊಂಡೆವು. ಕಾವೇರಿ ನಮಗೆ ಕುಡಿಯೋಕೆ ಕೊಟ್ಟಳು. ವೃಷಭಾವತಿಯ ಮೂಲಕ ನಾವು ಅವಳಿಗೆ ಕೊಳಚೆ ವಾಪಸ್ ಕಳಿಸಿದೆವು.

ಉಳಿದಿದ್ದು ವಿಕೋಪದ ಪಾಠ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಸುತ್ತ ಜನ ಟ್ರ್ಯಾಕ್ಟರ್ ಹತ್ತಿ ಮನೆಯಿಂದ ಹೊರಬಂದರು. 2024ರ ಬೇಸಿಗೆಯಲ್ಲಿ ಇದೇ ನಗರ ಟ್ಯಾಂಕರ್ ಹಿಂದೆ ಓಡಿತು. ಅದೇ ನೆಲ, ಅದೇ ಇಳಿಜಾರು, ನಡುವೆ ಎರಡು ವರ್ಷವೂ ಇಲ್ಲ. ಇದನ್ನ ಪ್ರಕೃತಿ ವಿಕೋಪ ಅಂತ ಬರೆದು ಅಂಕ ತಗೋಬಹುದು. ನಾನಂತೂ ಆ ಉತ್ತರಕ್ಕೆ ಅರ್ಧ ಅಂಕವೂ ಕೊಡಲ್ಲ.

ಮೇಷ್ಟ್ರುಗಳಲ್ಲಿ ನನ್ನದೊಂದು ಮನವಿ. ಪರೀಕ್ಷೆಗೆ ಭಾರತದ ನಕ್ಷೆ ಬರೆಸಿ, ಬೇಡ ಅನ್ನಲ್ಲ. ಜೊತೆಗೆ ಒಂದು ಮಧ್ಯಾಹ್ನ, ಶಾಲೆಯ ಗೇಟಿನ ಮುಂದೆ ಬಿದ್ದ ಮಳೆನೀರು ಎಲ್ಲಿಗೆ ಹೋಗುತ್ತೆ ಅಂತ ಮಕ್ಕಳ ಕೈಲೇ ನಕ್ಷೆ ಬರೆಸಿ. ಇಂದು ಆ ಗೆರೆ ಎಳೆದ ಹುಡುಗಿ ನಾಳೆ ಇಂಜಿನಿಯರ್ ಆಗಬಹುದು, ಕಾರ್ಪೊರೇಟರ್ ಆಗಬಹುದು. ಏನೂ ಆಗದಿದ್ದರೂ, ಸಾಲ ಮಾಡಿ ರಾಜಕಾಲುವೆ ಮೇಲಿನ ಸೈಟ್ ಅಂತೂ ಕೊಳ್ಳಲ್ಲ.