ನಲಿವು

ನಲಿವು: ಇಷ್ಟವಾದುದರ ಅನುಭವದಿಂದ ಮನಸ್ಸಿನಲ್ಲಿ ಹುಟ್ಟಿ, ಮುಖದಲ್ಲಿಯೂ ಮೈಯ ಚಲನೆಯಲ್ಲಿಯೂ ಪ್ರಕಟವಾಗುವ ಪ್ರಸನ್ನತೆ. ನಲಿ ಎಂಬ ದೇಶ್ಯ ಧಾತುವಿಗೆ, ಅರಿವು, ಉಳಿವು ಎಂಬಲ್ಲಿ ಕಾಣುವ ‘ವು’ ಪ್ರತ್ಯಯವು ಸೇರಿ ಸಿದ್ಧವಾದ ಈ ಭಾವನಾಮದ ಮೂಲಧಾತುವಿಗೆ ಹರ್ಷಿಸು, ಕುಣಿ ಎಂಬೆರಡು ಅರ್ಥಗಳೂ ಉಂಟಾದ್ದರಿಂದ, ‘ನಲಿದಾಡು’ ಎಂಬಲ್ಲಿ ಅವನ್ನು ಬೇರ್ಪಡಿಸುವುದು ಕಷ್ಟ.

ಅಮರಕೋಶವು ಕಾಲವರ್ಗದಲ್ಲಿ ಪ್ರೀತಿ, ಹರ್ಷ, ಪ್ರಮೋದ, ಆನಂದ, ಸುಖ ಮೊದಲಾದ 12 ಶಬ್ದಗಳನ್ನು ಒಟ್ಟಿಗಿರಿಸಿದರೂ, ಕನ್ನಡದ ಬಳಕೆಯು ಇಂಥ ಶಬ್ದಗಳೊಳಗೆ ಸೂಕ್ಷ್ಮಭೇದವನ್ನು ಕಲ್ಪಿಸಿಕೊಂಡಿದೆ: ಸುಖವು ಬಹುಮಟ್ಟಿಗೆ ದೇಹದ ಹಾಗೂ ಬಾಳಿನ ನೆಮ್ಮದಿಯನ್ನೂ, ಆನಂದವು ರಸಾನುಭವವನ್ನೂ ಆಧ್ಯಾತ್ಮಿಕ ಸ್ಥಿತಿಯನ್ನೂ, ಭೋಗವು ವಿಷಯಾನುಭವವನ್ನೂ ಸೂಚಿಸುತ್ತವೆ. ತುಷ್ ಧಾತುವಿನಿಂದಾದ ಸಂತೋಷವು ತದ್ಭವವಾಗಿ ಸಂತಸವೆನಿಸಿತು. ಖುಷಿ, ಮಜಾ ಎಂಬಿವು ಪಾರಸಿ ಮೂಲದವು. ಮಜಾ ಎಂಬುದಕ್ಕೆ ಅಲ್ಲಿ ರುಚಿಯೆಂಬುದೇ ಅರ್ಥ.

ದಾವಣಗೆರೆ ಜಿಲ್ಲೆಯ ಜಗಳೂರಿನಂತಹ ಮಳೆಯಾಶ್ರಿತ ಸೀಮೆಯ ಆಡುನುಡಿಯಲ್ಲಿ, ಹದವಾದ ಮಳೆ ಸುರಿದು ಬಾಡಿದ ಮೆಕ್ಕೆಜೋಳದ ಪೈರು ಚೇತರಿಸಿಕೊಂಡಾಗ ರೈತನ ಬಾಯಲ್ಲಿ ಬರುವುದು ‘ಖುಷಿ ಆತು’ ಎಂಬ ಮಾತೇ ಹೊರತು ನಲಿವಲ್ಲ. ನಲಿವು ಗ್ರಂಥಭಾಷೆಯಲ್ಲಿಯೂ, ‘ನೋವು ನಲಿವು’ ಎಂಬ ಜೋಡುನುಡಿಯಲ್ಲಿಯೂ ಹೆಚ್ಚಾಗಿ ಬಳಕೆಯಲ್ಲಿದೆ.